ನಾರು

ಡಾಕ್ಟರು ಎಕ್ಸ್-ರೇ ಹಿಡಿದು ಕಿಟಕಿಗೆ ತಿರುಗಿದರು.
ಮೆಟ್ಟಿಲು ಮೆಟ್ಟಿಲಾಗಿ ಗಾಳಿ, ಅದರಡಿಗೆ ನಿಂತ ನೀರು.
"ಕರುಳಲ್ಲೆಲ್ಲೋ ದಾರಿ ಕಟ್ಟಿದೆ" ಅಂದರು.
ಮೂಗಿನಲ್ಲಿ ನಳಿಗೆ ಇಳಿದ ಹಮ್ಮಜ್ಜಿ
ನನ್ನ ಮುಂಗೈ ಹಿಡಿದು ಕೇಳಿದ್ದು ಒಂದೇ:
"ತಂಗೀ, ನನ್ನ ಬುಟ್ಟಿ ಯಾರ ಹತ್ರ ಉಂಟು?"

ಬುಟ್ಟಿ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿತ್ತು.
ಹುಲ್ಲಿನ ಮೇಲೆ ಕರಿ ಇಶಾಡು,
ಗೋವಾಕ್ಕೆ ಹೋಗುವವರು ಕಾರು ನಿಲ್ಲಿಸಿ ಒಯ್ಯುವ ಹಣ್ಣು,
ಕೊಯ್ದರೆ ಬೆಣ್ಣೆ.
ನಲವತ್ತು ಬೇಸಿಗೆ ಮಾರಿದ್ದಾಳೆ.
ತಿಂದದ್ದು ಕಾಟುಮಾವು:
ದಾರಿಯಲ್ಲಿ ಬಿದ್ದದ್ದು, ಯಾರೂ ಎಣಿಸದ್ದು,
ಗೊರಟೆಗೆ ಗಡ್ಡ ಬಂದದ್ದು.

ಹಲ್ಲಿದ್ದಾಗ ಹೀರಿ ಉಗಿದಳು.
ಮೊಮ್ಮಗ ಮಾಡಿಸಿಕೊಟ್ಟ ಸೆಟ್ಟು ಒಸಡಿಗೆ ಒತ್ತುತ್ತದೆಂದು
ಎಲೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕ,
ತನ್ನಷ್ಟಕ್ಕೆ ನಗುತ್ತ ಮಲಗಿದೆ.
ನುಂಗಿದರಾಯಿತು.
ಹೊಟ್ಟೆಗೆ ಹೋಗುವುದನ್ನು ಬಿಸಾಡಬಾರದೆಂದು
ಬಾಯಿ ಯಾವಾಗಲೋ ಕಲಿತಿತ್ತು.

ಥಿಯೇಟರಿಗೆ ಮುಂಚೆ ಮಣಿಸರ ತೆಗೆಯಬೇಕು.
ಒಂದೊಂದೇ ಬಿಚ್ಚಿ ಟವೆಲಿನಲ್ಲಿ ಕಟ್ಟಿದೆ,
ಮಗು ಎತ್ತಿದಷ್ಟು ಭಾರ.
ಬರಿಗೊರಳನ್ನು ಸೀರೆಯ ಅಂಚಿನಿಂದ ಮುಚ್ಚಿಕೊಂಡಳು.

ರಾತ್ರಿ ಎರಡಕ್ಕೆ ಹೊಟ್ಟೆ ತೆರೆದರು.
ನನ್ನದು ದೀಪ ತಿರುಗಿಸುವ ಕೆಲಸ,
ಆಮೇಲೆ ಬಕೆಟ್ಟು, ಆಮೇಲೆ ನೆಲ.
ಇತ್ತ ಬೀಗಿದ ಕರುಳು, ಅತ್ತ ಸೊರಗಿದ ಕರುಳು,
ನಡುವೆ ಲಿಂಬೆಯಷ್ಟು ಗಂಟು.
ಡಾಕ್ಟರು ಬೆರಳಲ್ಲಿ ಮೆಲ್ಲಗೆ ಹಿಸುಕಿದರು,
ಮುಂದೆ ತಳ್ಳಿ ನೋಡಿದರು. ಜಗ್ಗಲಿಲ್ಲ.
ಒಂದು ಸೀಳು.
ಟ್ರೇಗೆ ಬಿತ್ತು,
ಹುರಿ ಹೊಸೆಯಲು ನೆನೆಹಾಕಿ ಮರೆತ ಕತ್ತದ ಉಂಡೆ.

ಲ್ಯಾಬಿಗೆ ಒಂದು ಚೂರು ಹೋಯಿತು. ಉಳಿದದ್ದನ್ನು
ತೊಳೆಯುವ ಕೋಣೆಯಲ್ಲಿ ನಲ್ಲಿಯಡಿ ಹಿಡಿದೆ.
ಸುಳ್ಳು ಯಾಕೆ, ಮಾವಿನ ಪರಿಮಳ ಬರಲಿಲ್ಲ,
ಮೂಗು ಮುಚ್ಚಿಕೊಂಡೆ.
ಆದರೆ ನೀರು ತಾಗಿದಂತೆ ಅದು ಎಳೆ ಎಳೆಯಾಗಿ ಬಿಚ್ಚಿತು,
ಹಳದಿ, ಗಟ್ಟಿ,
ಎಷ್ಟು ಉದ್ದವೆಂದರೆ ಜಡೆ ಹೆಣೆಯಬಹುದಿತ್ತು.
ಯಾವ ಯಾವ ವರ್ಷದ ಮರಗಳೋ.
ಹೊರಗೆ ಕಾರವಾರದ ಕಡಲು
ತಾನು ನುಂಗಿದ್ದನ್ನೆಲ್ಲ ದಂಡೆಗೆ ತಂದು ಹಾಕುವ ಸದ್ದು.

ಐದನೆಯ ದಿನ ಗಂಜಿ ತಿಳಿ ಕುಡಿದು
ಮಣಿಸರಗಳನ್ನು ಒಂದೊಂದೇ ಕೊರಳಿಗೆ ಹಾಕಿಕೊಳ್ಳುತ್ತ ಕೇಳಿದಳು:
"ಒಳಗೆ ಎಂತ ಸಿಕ್ತು?"
"ನಾರು, ಅಜ್ಜಿ. ಮಾವಿನ ನಾರು."

ಅವಳ ಮುಖ ಬಿಗಿಯಿತು.
ಹೊಲಿಗೆಯ ಮೇಲೆ ಅಂಗೈ ಇಟ್ಟು,
ಚೌಕಾಶಿಗೆ ನಿಂತ ಗಿರಾಕಿಗೆ ಹೇಳುವ ದನಿಯಲ್ಲೇ ಅಂದಳು:
"ನನ್ನ ಹಣ್ಣಲ್ಲಿ ನಾರಿಲ್ಲ, ತಂಗೀ.
ಬೇಕಾದ್ರೆ ಒಂದು ಕೊಯ್ದು ನೋಡು."