ಹನ್ನೊಂದು ಪಾಯಿಂಟ್ ಎರಡು

ಬುತ್ತಿ ಡಬ್ಬಿಯಷ್ಟೇ ಇದೆ. ಹಳದಿ.
ಮೇಲೊಂದು ಬಟ್ಟಲು, ಪಕ್ಕದಲ್ಲಿ ಕಂಪನಿಯ ಎಲೆಗುರುತು.
ಹನ್ನೆರಡು ಮನೆಗೆ ಒಂದೇ ಯಂತ್ರ.
ಸರದಿಯಲ್ಲಿ ನನ್ನದು ನಾಲ್ಕನೆಯದು,
ಮಂಗಳವಾರ ಬೆಳಗ್ಗೆಯಿಂದ ಗುರುವಾರದ ತನಕ.

ರಂಸೀನಾ ನೆಲ್ಯಹುದಿಕೇರಿಯಿಂದ ಸ್ಕೂಟಿಯಲ್ಲಿ ಬರುತ್ತಾಳೆ,
ಆನೆ ದಾರಿಗೆ ನಿಂತರೆ ತಡ, ಇಲ್ಲವಾದರೆ ಒಂಬತ್ತಕ್ಕೇ.
ಹೋದ ವರ್ಷ ತೋಟದ ಸುತ್ತ ನಡೆಸಿದಳು ನನ್ನ.
ಬೇಲಿಯ ಮೂಲೆಮೂಲೆಗೂ ಫೋನು ಹಿಡಿದು ನಿಂತು
ಆಕಾಶಕ್ಕೆ ಲೆಕ್ಕ ಒಪ್ಪಿಸಿದೆವು.
ಎರಡೂಕಾಲು ಎಕರೆ, ಪರದೆಯ ಮೇಲೆ
ಯಾರೋ ತುದಿ ಮುರಿದು ತಿಂದ ಅಕ್ಕಿರೊಟ್ಟಿ.
"ಇತ್ತೀಚೆಗೆ ಮರ ಕಡಿದಿಲ್ಲ ತಾನೇ ಆಂಟಿ?
ಯುರೋಪಿನವರು ಕೇಳ್ತಾರೆ."
ಕಡಿದಿಲ್ಲ. ಗಾಳಿಗೆ ಬಿದ್ದ ಹಲಸು ಬಿದ್ದಲ್ಲೇ ಇದೆ,
ಗಾಳಿ ಅಂತ ಬರೆಯಲು ಆ್ಯಪಿನಲ್ಲಿ ಜಾಗವಿರಲಿಲ್ಲ.

ಇಪ್ಪತ್ತೆರಡು ವರ್ಷ
ಕಾಫಿ ಒಣಗಿದ್ದನ್ನು ನಾನು ಕಿವಿಯಿಂದ ತಿಳಿದೆ.
ಹಿಡಿ ತುಂಬ ಎತ್ತಿ ಕುಲುಕಿದರೆ ಗಲಗಲ ಅನ್ನಬೇಕು,
ಗಂಟಲು ಕಟ್ಟಿದವರ ಹಾಗಲ್ಲ.
ಸಿದ್ದಾಪುರದ ಗೋದಾಮಿನಲ್ಲಿ ಉತ್ತಯ್ಯಣ್ಣ
ಒಂದು ಕಾಯಿ ಹಲ್ಲಿಗಿಟ್ಟು, ಕಡಿದು, ಉಗುಳಿ,
"ಹಸಿ ಇದೆ ದೇಚಮ್ಮ" ಅನ್ನುವರು.
ಚೀಲಕ್ಕೆ ಎರಡು ಕೆಜಿ ವಜಾ.
ಅವರ ಹಲ್ಲಿನ ಮುಂದೆ ನನ್ನ ಕಿವಿ
ಯಾವ ಸಾಕ್ಷಿ ಹೇಳೀತು?

ಈ ಮಂಗಳವಾರ ಬಟ್ಟಲು ತುಂಬಿ ಗುಂಡಿ ಒತ್ತಿದೆ.
ಅಂಕಿ ಗೂಡು ಹುಡುಕುವ ಕೋಳಿಯಂತೆ ಅತ್ತಿತ್ತ ಅಲೆದು
ಕೂತಿತು. ಹನ್ನೊಂದು ಪಾಯಿಂಟ್ ಆರು.
ಹನ್ನೊಂದಿರಬೇಕು.
ಹಸಿ ಇತ್ತು, ಹೌದು, ಉತ್ತಯ್ಯಣ್ಣ ಸುಳ್ಳಾಡಿರಲಿಲ್ಲ.
ರಂಸೀನಾ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದಳು:
ಐವತ್ತು ಕೆಜಿ ಚೀಲಕ್ಕೆ ಮುನ್ನೂರು ಗ್ರಾಂ.
ಮುನ್ನೂರು ಗ್ರಾಮಿಗೆ ಎರಡು ಕೆಜಿ.
ಇಪ್ಪತ್ತೆರಡು ವರ್ಷ.
ಗುಣಿಸಬೇಡ ಮಗಳೇ ಅಂದೆ.
ಅವಳಾಗಲೇ ಗುಣಿಸುತ್ತಿದ್ದಳು.

ಕಂಪನಿ ಪುಣ್ಯಕ್ಕೆ ಕೊಟ್ಟದ್ದಲ್ಲ, ಅಷ್ಟು ತಿಳಿಯುತ್ತದೆ.
ಹನ್ನೊಂದೂವರೆ ದಾಟಿದ ಚೀಲವನ್ನು ಅವರೂ ಮುಟ್ಟರು.
ಯಂತ್ರ ಸರಿಯಿದೆಯೇ ಎಂದು ನೋಡುವವರೂ ಅವರೇ.
ತರಬೇತಿಯ ದಿನ ಹಸಿರು ಟೋಪಿ ತೊಡಿಸಿ ಫೋಟೋ ತೆಗೆದರು,
ಮೂರನೇ ಸಲಕ್ಕೆ ನಕ್ಕೆ.
ಆದರೂ ನಿನ್ನೆ ಗೋದಾಮಿಗೆ ಈ ಡಬ್ಬಿ ಒಯ್ದು
ತಕ್ಕಡಿಯ ಪಕ್ಕದಲ್ಲಿಟ್ಟಾಗ
ಉತ್ತಯ್ಯಣ್ಣ ಹಲ್ಲಿಗೆ ಕಾಯಿ ಇಡಲಿಲ್ಲ.
ಕಾಫಿ ಕುಡೀತೀಯಾ ಅಂದರು.
ಮೊದಲ ಸಲ.

ಪಟ್ಟಿಯಲ್ಲಿ ಹನ್ನೆರಡು ಮನೆ.
ಹದಿಮೂರನೆಯದು ತೋಡಿನಾಚೆ.
ಬೊಳಚಿಯ ಅರ್ಧ ಎಕರೆ, ಒಂದು ಹಕ್ಕುಪತ್ರ,
ಪ್ಲಾಸ್ಟಿಕ್ ಹೊದ್ದು ಮಾಡಿನಲ್ಲಿ ಸಿಕ್ಕಿಸಿಟ್ಟದ್ದು.
ಆ್ಯಪಿಗೆ ಬೇಕಾದದ್ದು ಆರ್‌ಟಿಸಿ.
ರಂಸೀನಾ ಎರಡು ಸಲ ತುಂಬಿದಳು, ಎರಡು ಸಲವೂ ಕೆಂಪಕ್ಷರ.
ಹದಿನೈದು ಕೊಯ್ಲು ನನ್ನ ತೋಟದಲ್ಲಿ ಕೊಯ್ದವಳು,
ಈಗ ತನ್ನದೇ ಇನ್ನೂರು ಗಿಡ.

ನಿನ್ನೆ ರಾತ್ರಿ ಮಂಜು ಬೀಳುವ ಮೊದಲು
ಕಣಕ್ಕೆ ಟಾರ್ಪಾಲು ಹೊದಿಸಿ,
ಡಬ್ಬಿಯನ್ನು ಶಾಲಿನೊಳಗೆ ಹಾಕಿಕೊಂಡು ತೋಡು ದಾಟಿದೆ.
ಕೈಯಲ್ಲಿ ಟಾರ್ಚು, ಸೊಂಟದಲ್ಲಿ ಎರಡು ಪಟಾಕಿ.
ಅವಳ ಕಾಫಿ ಬಿದಿರ ಅಟ್ಟದ ಮೇಲೆ, ನೆಲಕ್ಕೆ ತಾಗದೆ.
ತರಬೇತಿಯಲ್ಲಿ ನಮಗೆ ಅರ್ಧ ದಿನ ಹೇಳಿದ್ದು
ಅದನ್ನೇ. ಇವಳಿಗೆ ಯಾರೂ ಹೇಳಿಲ್ಲ,
ನೆಲದಲ್ಲಿ ಹರವಲು ಕಣವೇ ಇಲ್ಲ.

ಹನ್ನೊಂದು ಪಾಯಿಂಟ್ ಎರಡು.
"ಒಳ್ಳೇದಾ?"
"ನನ್ನದಕ್ಕಿಂತ."
ಅವಳು ಏನೂ ಹೇಳಲಿಲ್ಲ. ಒಂದು ಹಿಡಿ ಕಾಯಿ ಎತ್ತಿ
ಯಂತ್ರದ ಹತ್ತಿರ ಕುಲುಕಿದಳು,
ಅದಕ್ಕೂ ಕೇಳಿಸಲಿ ಅನ್ನುವ ಹಾಗೆ.

ಇವತ್ತು ಗುರುವಾರ.
ರಂಸೀನಾ ಗುಂಡಿ ಒತ್ತಿ ಹಳೆಯ ಅಂಕಿಗಳನ್ನು ನೋಡುತ್ತ
ಒಂದರಲ್ಲಿ ನಿಂತಳು. ಇದು ಯಾರದ್ದು?
ತೋಡಿನ ಕಡೆ ಮುಖ ಮಾಡಿದೆ.
ಮನೆ ಸಂಖ್ಯೆಯ ಕಾಲಂ ಖಾಲಿ.
ಅವಳು ಅಳಿಸಲಿಲ್ಲ.
ಡಬ್ಬಿಯನ್ನು ಸೀಟಿನಡಿ ಇಟ್ಟು, ಹೆಲ್ಮೆಟ್ ಹಾಕಿ,
ಐದನೇ ಮನೆಗೆ ಹೊರಟಳು.