ನಲವತ್ತೆಂಟರಲ್ಲಿ ಒಂದು ಪಾಲು

ಮೇಜಿನ ಮೇಲೆ ನಾಲ್ಕು ಸೀಸೆ, ನಾಲ್ಕೂ ನೀಲಿ.
ಒಂದು ಇಂಗಿದ ಶಾಯಿ, ಒಂದು ಪೆಟ್ಟು ತಿಂದ ಉಗುರು,
ಇನ್ನೊಂದರ ಮುಚ್ಚಳದ ಮೇಲೆ ಕಡಲಿನ ಹೆಸರೇ ಇದೆ,
ನಾಲ್ಕನೆಯದು ನಾನೇ ಕಲಸಿದ್ದು,
ಮೂರರ ಮೇಲೂ ನಂಬಿಕೆ ಹೋದ ರಾತ್ರಿ.

ಸ್ಪಿಟ್‌ಫೈರ್. ಮಾಲ್ಟಾ. ನಲವತ್ತೆರಡನೆಯ ಇಸವಿ.
ರೆಕ್ಕೆಯ ರಿವೆಟ್ಟುಗಳನ್ನು ಭೂತಗನ್ನಡಿ ಹಿಡಿದು ಎಣಿಸಿದ್ದೇನೆ.
ಪೆಟ್ಟಿಗೆಯವರು ಎಡಕ್ಕೆ ಒಂದು ಸಾಲು ಹೆಚ್ಚು ಕೊಟ್ಟಿದ್ದರು;
ಸಾಸಿವೆ ಸಿಪ್ಪೆಯಷ್ಟು ಪುಟ್ಟಿ ಮೆತ್ತಿ, ಉಜ್ಜಿ, ಅಳಿಸಿದೆ.
ಮೂಗಿನಡಿಯ ಧೂಳುಸೋಸಕ ಅರ್ಧ ಮಿಲಿಮೀಟರು ಗಿಡ್ಡ,
ಅಂದರೆ ನಿಜದಲ್ಲಿ ಒಂದಂಗುಲ.
ಒಂದಂಗುಲ ಸುಳ್ಳನ್ನು ಮೇಜಿನ ಮೇಲಿಟ್ಟುಕೊಂಡು
ಯಾರಿಗೆ ನಿದ್ದೆ ಬರುತ್ತದೆ?

ಬಣ್ಣಕ್ಕೆ ಮಾತ್ರ ಸಾಕ್ಷಿಯಿಲ್ಲ.
ಮರಳುಗಾಡಿನ ಕಂದು ತೊಟ್ಟು ಹಡಗು ಹತ್ತಿದವು;
ನೀರಿನ ಮೇಲೆ ಕಂದು ಎದ್ದು ಕಾಣುತ್ತದೆಂದು
ಸಿಕ್ಕಿದ ಡಬ್ಬಿಯಿಂದ, ಸಿಕ್ಕಿದ ಕುಂಚದಿಂದ
ಯಾರೋ ದಡಬಡ ಬಳಿದರು.
ಚೀಟಿ ಬರೆದಿಡಲಿಲ್ಲ.
ಫೋಟೋಗಳಿವೆ, ಕಪ್ಪು ಬಿಳುಪಿನವು.
ಆ ಕಾಲದ ಕೆಲವು ಫಿಲ್ಮಿಗೆ
ನೀಲಿ ಕಂಡರೆ ಬಿಳಿಚಿಕೊಳ್ಳುವ ಜಾಡ್ಯ,
ಕೆಂಪು ಕಂಡರೆ ಮೋರೆ ಕಪ್ಪು.

ಝಬ್ಬರಿನ ವಿಸ್ಟಿನ್ ಅದು ಬೂದು ಅನ್ನುತ್ತಾನೆ.
ಈಸ್ಟರಿನಿಂದ ನಾವು ಮಾತಾಡಿಲ್ಲ.

ಮಾರ್ಸಶ್ಲೋಕಿನ ದೋಣಿಮನೆಯಲ್ಲಿ
ತೊಂಬತ್ತು ದಾಟಿದ ಚೆನ್ಸಾಳ ಅಪ್ಪನ ಲುತ್ಸು ಇದೆ.
ವಿಮಾನದ ಮೈದಾನದಲ್ಲಿ ಕಸ ಗುಡಿಸುತ್ತಿದ್ದವನು
ಉಳಿದ ಬಣ್ಣವನ್ನು ಎಣ್ಣೆ ತಗಡಿನಲ್ಲಿ ಕದ್ದು ತಂದು
ಆಕಾಶಕ್ಕೆ ಕಾಣದಿರಲೆಂದು ದೋಣಿಗೆ ಬಳಿದಿದ್ದನಂತೆ,
ಮೂತಿಯ ಎರಡು ಕಣ್ಣಿಗೂ ಸೇರಿಸಿ.
ಪಕ್ಕೆ ಕೆರೆದೆ. ಹಳದಿ, ಕೆಂಪು, ಹಸಿರು, ಮತ್ತೆ ಹಳದಿ,
ಎಂಬತ್ತು ಈಸ್ಟರುಗಳ ಪದರ ಇಳಿದು
ಅಲಗಿನ ತುದಿಗೆ ಒಂದು ಹೊಪ್ಪಳೆ ಬಂತು.
ಟಾರ್ಚಿಗೆ ಹಸಿರು, ಕಿಟಕಿಗೆ ಕಪ್ಪು,
ಮನೆಗೆ ತಂದರೆ ನಾಲ್ಕೂ ಸೀಸೆಗೆ ನೆಂಟ,
ಯಾವುದಕ್ಕೂ ಮಗನಲ್ಲ.

ಬಣ್ಣ ಕಾಣದ ವಿಮಾನವನ್ನೇ ಕೊನೆಗೆ
ಬೂಟಿನ ಡಬ್ಬಿಯಲ್ಲಿಟ್ಟು ಚೆನ್ಸಾಳ ಬಳಿಗೆ ಒಯ್ದೆ.
ರೆಕ್ಕೆ ನೋಡಲಿಲ್ಲ. ನನ್ನ ರಿವೆಟ್ಟು, ನನ್ನ ಒಂದಂಗುಲ
ನೋಡಲಿಲ್ಲ. ಗಾಜಿಗೆ ಕಣ್ಣು ತಾಗಿಸಿ
ಒಳಗೆ ಕೂತವನನ್ನು ನೋಡಿ ನಕ್ಕಳು:
"ಇಷ್ಟು ತಿಂದವನು ಇವನ್ಯಾರು?

ನಮ್ಮ ಹೊಲದ ಗೋಡೆಗೆ ಒಬ್ಬ ಬಿದ್ದಿದ್ದ.
ಅವನನ್ನು ಅವ್ವ ಒಬ್ಬಳೇ ಎತ್ತಿದಳು,
ಅವಳೂ ಆಗ ಸೊಣಕಲು.
ಅವನ ಬೆಲ್ಟಿಗೆ ಹೊಸ ತೂತು ಮೂರು,
ಅಂಗಡಿಯವಲ್ಲ, ಮೊಳೆ ಹೊಡೆದವು."

ಯಾವ ನೀಲಿ, ಅಂದೆ. ನಾಚಿಕೆಯಾಯಿತು; ಆದರೂ ಅಂದೆ.

"ಉರಿದ ಮೇಲೆ ಎಲ್ಲ ಒಂದೇ.
ಅವತ್ತಿನ ರೊಟ್ಟಿಯ ಬಣ್ಣ ಬೇಕಾದರೆ ಕೇಳು:
ಬೂದು. ಆಲೂಗಡ್ಡೆ ಬೆರೆಸಿದ ಬೂದು."

ರಾತ್ರಿ ಅಂಟಿಸಿದ ಗಾಜು ಎಬ್ಬಿಸಿದೆ,
ಅಂಚು ಸೀಳಿತು, ಸೀಳಲಿ.
ಇಕ್ಕಳದಲ್ಲಿ ಅವನನ್ನು ಹೊರಗೆಳೆದು
ಕೆನ್ನೆ ಅರೆದೆ, ತೊಡೆ ಅರೆದೆ, ಹೊಟ್ಟೆಯನ್ನು
ಬೆನ್ನಿಗೆ ಹತ್ತುವಷ್ಟು ಅರೆದೆ.
ಹೆಬ್ಬೆರಳ ಉಗುರಿನ ಮೇಲೆ
ಉದುರಿದ ಪುಡಿ ಇಷ್ಟೇ ಇಷ್ಟು, ಊದಿದರೆ ಇಲ್ಲ.
ಸೂಚನೆಯ ಹಾಳೆಯಲ್ಲಿ ಈ ಹೆಜ್ಜೆಗೆ ಅಂಕಿಯಿಲ್ಲ.
ಈಗ ಅವನಿಗೆ ಆಸನ ದೊಡ್ಡದು,
ಅಲುಗಿಸಿದರೆ ಒಳಗೇ ಸರಿದಾಡುತ್ತಾನೆ.

ಹನ್ನೊಂದೂವರೆಗೆ ವಿಸ್ಟಿನ್‌ಗೆ ಫೋನು ಮಾಡಿದೆ.
ಬೆಲ್ಟಿನ ತೂತು, ಅಂದೆ, ಮೊಳೆಯದು, ಎಷ್ಟು ಅಗಲ ಇದ್ದೀತು?
ಅವನು ಏಕೆ, ಯಾರದು, ಎನ್ನಲಿಲ್ಲ.
ಅತ್ತ ಡ್ರಾಯರು ಎಳೆದ ಸದ್ದು, ಏನನ್ನೋ ಹುಡುಕಿದ ಸದ್ದು.
"ಮೊಳೆಯದಾದರೆ," ಅಂದ, ತುಸು ತಡೆದು,
"ದುಂಡಗೆ ಮಾಡಬೇಡ."