ಸುಮಾರು ಇಲ್ಲಿ

ಸೊಹಾರ್ ಬಂದರಿನ ಬೆನ್ನಿಗೆ, ರಾತ್ರಿ ಎರಡೂವರೆ.
ಹಳದಿ ಹಗ್ಗ ಕಟ್ಟಿ ಸುತ್ತಲೂ ಖಾಲಿ ಮಾಡಿಸಿದ್ದೇವೆ.
ಪೈಪಿನ ಬೆಸುಗೆಗೆ ಫಿಲ್ಮು ಸುತ್ತಿ
ರೊಡೆಲ್ ಹಿಡಿಕೆ ತಿರುಗಿಸುತ್ತಾನೆ.
ಗೂಡಿನಿಂದ ಹೊರಟಿತು ಇರಿಡಿಯಂ,
ಗುಲಗಂಜಿಗಿಂತ ಚಿಕ್ಕದು.
ಕೈಯ ಮೀಟರು ಟಿಕ್ ಅನ್ನುತ್ತದೆ. ಟಿಕ್. ಟಿಟಿಕ್.

ಒಂದೊಂದು ಟಿಕ್ಕಿಗೂ ಒಂದೊಂದು ಕಣ ಎಂದು
ಎಂಎಸ್ಸಿಯಲ್ಲಿ ಬರೆದು ಅಂಕ ಪಡೆದವನು ನಾನು.
ಟಿಕ್ಕಿಗೆ ಮುಂಚೆ ಅದು ಎಲ್ಲಿತ್ತು?
ಯಾರೂ ಕೇಳಲಿಲ್ಲ. ಕೇಳಿದ್ದರೆ ನಪಾಸು.

ಫೋನು. ಭಟ್ಕಳದ ಜಿಫ್ರಿ, ಚಹಾ ವ್ಯಾನಿನವನು:
“ಎಲ್ಲಿದ್ದೀ ಮಾರಾಯ? ಲೊಕೇಶನ್ ಹಾಕು.”
ಇಲ್ಲಿ ಕಾಗದಕ್ಕೆ ಕಂಪನಿಯ ಅಂಚೆಪೆಟ್ಟಿಗೆ,
ಮನುಷ್ಯನಿಗೆ ನೀಲಿ ಚುಕ್ಕೆ.
ಒತ್ತಿದೆ.
ಚುಕ್ಕೆ ನಡುಗಿತು, ವೃತ್ತವಾಗಿ ಊದಿತು,
ನನ್ನನ್ನು ಸಮುದ್ರದ ಮಧ್ಯೆ ಇಟ್ಟಿತು.

ಹಳೆಯ ನೋಟ್‌ಬುಕ್ಕಿನಲ್ಲಿ ಎಣ್ಣೆ ಕಲೆಯ ಪುಟವೊಂದಿದೆ:
ಕಣವನ್ನು ಮೂಲೆಗೆ ಒತ್ತು, ಇನ್ನೂ ಒತ್ತು,
ಅದರ ತೂಕ ಒಪ್ಪುವ ಅಳತೆಗಿಂತ ಕಿರಿದಾದ ಡಬ್ಬಿಗೆ ತುರುಕು,
ಒತ್ತಿದ ಶಕ್ತಿಯೇ ಜೋಡಿ ಹೆರುತ್ತದೆ.
ಒಂದನ್ನು ಹಿಡಿಯಹೋದವನ ಮುಷ್ಟಿಯಲ್ಲಿ ಮೂರು.
ನಿನ್ನದು ಯಾವುದು ಹೇಳು ನೋಡೋಣ.

ನಲವತ್ತೊಂಬತ್ತರಲ್ಲಿ ಇಬ್ಬರು ಹಟ ಹಿಡಿದು
ಒಂದು ಬಿಂದು ಕೊಟ್ಟರು: ಈ ಕ್ಷಣ, ಇಲ್ಲಿ.
ಪಕ್ಕದಲ್ಲಿ ಓಡುತ್ತಿದ್ದವನು ನೋಡಿ, ಇಲ್ಲ, ಹರಡಿದೆ ಅಂದ.
ಮರುಕ್ಷಣದ ಲೆಕ್ಕದಲ್ಲಿ ಅದರ ಬಾಲ
ಬೆಳಕಿಗಿಂತ ಮೊದಲೇ ದಿಗಂತ ಮುಟ್ಟಿತ್ತು.
ಬೆಳಕಿನ ಕಣಕ್ಕಂತೂ ಆ ಬಿಂದುವೂ ದಕ್ಕಲಿಲ್ಲ.
ಈಗ ಟಿಕ್ ಅಂದದ್ದು ಅದೇ ಜಾತಿ.

ಅರವತ್ತೊಂದರಲ್ಲಿ ಇನ್ನಿಬ್ಬರು, ಇನ್ನೂ ವಿಚಿತ್ರ:
ಏನೂ ಇಲ್ಲದ ಬಯಲನ್ನು
ಅಂಗೈಯಗಲ ಜಾಗದಲ್ಲಿ ಸರಿಯಾಗಿ ಮೀಟಿದರೆ
ಲೋಕದ ಯಾವ ಸ್ಥಿತಿಯ ಹತ್ತಿರಕ್ಕೂ ಹೋಗಬಹುದಂತೆ.
ಬಯಲು ಬರಿದಲ್ಲ,
ದೂರ ದೂರಕ್ಕೆ ಒಳಗೊಳಗೇ ಹೆಣೆದುಕೊಂಡಿದೆ.
ಆಮೇಲಿನವರು ಕಣದ ವಿಳಾಸ ಬಿಟ್ಟು
ಜಾಗಕ್ಕೇ ಖಾತೆ ತೆರೆದರು:
ಇಲ್ಲಿ ಏನೇನು ಅಳೆಯಬಹುದು. ಅಷ್ಟೇ.

ನನ್ನ ಮೂರನೇ ಅಧ್ಯಾಯ ಅಲ್ಲಿಗೇ ನಿಂತಿದೆ.
ಫೆಲೋಶಿಪ್ ಮುಗಿದ ತಿಂಗಳು ವೀಸಾ ಬಂತು.

“ಒಳಗೆ ಬಂತಾ?” ರೊಡೆಲ್ ಬ್ಯಾಡ್ಜು ತಟ್ಟಿ ಕೇಳುತ್ತಾನೆ.
ಬಂತು. ಮೀಟರು ಸುಮ್ಮನಾಗಿದೆ.
ಪೂರ್ತಿ ಸುಮ್ಮನಲ್ಲ,
ಮರಳು ಕೂಡ ಆಗೊಮ್ಮೆ ಟಿಕ್ ಅನ್ನುತ್ತದೆ.

ವ್ಯಾನಿನ ದೀಪ ಧಕ್ಕೆಯವರೆಗೆ ಹೋಗಿ, ನಿಂತು,
ಅನುಮಾನಿಸಿ, ತಿರುಗಿತು.
ಹಗ್ಗದಾಚೆ ಹಾರ್ನು.
“ನೀರಲ್ಲಿ ಹುಡುಕಿದೆನಲ್ಲೋ! ಇಲ್ಲೇ ಇದ್ದೆಯಾ?”

ಫ್ಲಾಸ್ಕಿನ ಬಿರಡೆ ಬಿಗಿಯಾಗಿತ್ತು.
ತಿರುಗಿಸುತ್ತಾ ಹೇಳಿದೆ,
ಸುಮಾರು ಇಲ್ಲಿ.